ಬರೆದವರು ಓದಬಾರದು

೨ ಏಪ್ರಿಲ್ ೧೯೯೬

ಪ್ರೀತಿಯ ಮಾವನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ಹೋದ ತಿಂಗಳು ನಾಲ್ಕು ಸಲ ಫೋನ್ ಮಾಡಿದೆ. ಗಂಟೆ ಹೊಡೆಯುತ್ತದೆ, ಯಾರೋ ಎತ್ತುತ್ತಾರೆ, ನಾನು ‘ಹಲೋ ಮಾವ’ ಅನ್ನುತ್ತೇನೆ, ಆ ಕಡೆಯಿಂದ ಗಾಳಿ ಬೀಸಿದ ಹಾಗೆ ಸದ್ದು, ಆಮೇಲೆ ಟಕ್ಕಂತ ಇಡುತ್ತಾರೆ. ಲೈನ್ ಕೆಟ್ಟಿದೆಯೋ, ನಿನ್ನ ತಲೆ ಕೆಟ್ಟಿದೆಯೋ ತಿಳಿಸು.

ಈಗ ಆಫೀಸಿನ ವಿಷಯ. ನಮ್ಮ ಸಂಘ ಈ ಸೀಮೆಯ ಬರಹಗಾರರ ಪರಿಚಯ ಕೋಶ ತರುತ್ತಿದೆ. ಯಾರು, ಎಲ್ಲಿ ಹುಟ್ಟಿದರು, ಎಷ್ಟು ಓದಿದರು, ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಯಾವ ಪುಸ್ತಕ ಅಚ್ಚಾಗಿದೆ ಎಲ್ಲವೂ ಅದರಲ್ಲಿರುತ್ತದೆ. ಕಾರ್ಡುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವ ಕೆಲಸ ನನ್ನದು. ನಿಮ್ಮೂರಿನ ಮೂವರು ಬರಹಗಾರರಿಗೂ ಫಾರಂ ಕಳಿಸಿ ಆರು ತಿಂಗಳಾಯಿತು, ಒಂದೂ ವಾಪಸು ಬಂದಿಲ್ಲ. ತಿಂಗಳ ಮೊದಲ ಭಾನುವಾರ ನಿನ್ನ ಕೋಣೆಗೇ ಬರುವವರಲ್ಲವೇ, ಕೂರಿಸಿ ಕೇಳಿ ಬರೆದು ಕಳಿಸು. ನಿನ್ನ ಬಣ್ಣ ಸೇರಿಸಬೇಡ.

ಗುಬ್ಬಿ

೯ ಏಪ್ರಿಲ್ ೧೯೯೬

ಚಿರಂಜೀವಿ ಗುಬ್ಬಿಗೆ, ಮಾವ ಮಾಡುವ ಆಶೀರ್ವಾದಗಳು.

ಲೈನೇ ಕೆಟ್ಟಿರುವುದು. ನನ್ನ ತಲೆ ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ. ನೀನು ಕಾಗದವನ್ನೇ ಬರೆ, ಅದಕ್ಕೆ ತಂತಿ ಬೇಕಾಗಿಲ್ಲ.

ಬಣ್ಣ ಸೇರಿಸಬೇಡ ಎಂದು ನನಗೆ ಹೇಳುತ್ತೀಯಲ್ಲ, ಒಬ್ಬರೇ ಮೇಷ್ಟ್ರು ನಾಲ್ಕು ಕ್ಲಾಸಿಗೂ ಒಂದೇ ಬೆತ್ತದಲ್ಲಿ ಪಾಠ ಹೇಳಿದ ಶಾಲೆಯಲ್ಲಿ ಕಲಿತವನು ನಾನು. ಅಲ್ಲಿ ಬಣ್ಣದ ಪೆನ್ಸಿಲ್ಲೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮೊದಲನೆಯವನು ತಿರುಪು. ಲೇತ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಬ್ಬಿಣದ ಸರಳಿಗೆ ತಿರುಪು ಕೊರೆದವನು. ಏಳನೇ ಕ್ಲಾಸು. ನಾಲ್ಕು ಕವನ ಸಂಕಲನ. ಯಂತ್ರದ ಸದ್ದಿಗೆ ಕಿವಿ ಎರಡೂ ಹೋಗಿವೆ. ಒಂದು ಸಲ ಕಾರ್ಖಾನೆಯ ಮಾಲೀಕರು ‘ನೀನು ಕವಿಯಂತೆ, ಹೌದೇನಯ್ಯ?’ ಎಂದು ಕೇಳಿದ್ದಕ್ಕೆ ‘ಇಲ್ಲ ಸಾರ್, ಇವತ್ತು ಒಂದು ತಿರುಪೂ ಮುರಿದಿಲ್ಲ’ ಎಂದು ಆಣೆ ಮಾಡಿದ.

ಎರಡನೆಯವಳು ನರ್ಸಮ್ಮ. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ. ಎರಡು ಕಥಾಸಂಕಲನ. ಹುಟ್ಟಿದ ಊರು ಎನ್ನುವ ಜಾಗದಲ್ಲಿ ಒಂದು ಗೀಟು ಎಳೆ. ಯಾರೋ ಅನಾಥಾಲಯದ ಮೆಟ್ಟಿಲ ಮೇಲೆ ಬಿಟ್ಟುಹೋದ ಮಗು ಅವಳು. ‘ಊರಿನ ಅರ್ಧ ಜನರ ಹುಟ್ಟಿದ ಗಳಿಗೆ ನನಗೆ ಗೊತ್ತು, ನನ್ನದೊಂದು ಬಿಟ್ಟು’ ಎನ್ನುತ್ತಾಳೆ. ಅಳುತ್ತಾ ಹೇಳುವುದಿಲ್ಲ, ಕಿಸಕ್ಕನೆ ನಗುತ್ತಾ ಹೇಳುತ್ತಾಳೆ.

ಮೂರನೆಯವನು ಷರಾ. ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ಪಾಲುಪತ್ರ ಬರೆಯುವವನು. ವಕೀಲಿ ಪರೀಕ್ಷೆಗೆ ಮೂರು ಸಲ ಕಟ್ಟಿ ಮೂರು ಸಲವೂ ಅದನ್ನು ಸೋಲಿಸಿದವನು, ಅವನ ಲೆಕ್ಕದಲ್ಲಿ. ಐದು ನಾಟಕ. ಅಣ್ಣತಮ್ಮಂದಿರು ಗೋಡೆ ಪಾಲು ಮಾಡಿಕೊಳ್ಳುವುದನ್ನು ದಿನಾ ನೋಡುವವನಿಗೆ ನಾಟಕಕ್ಕೆ ಬೇರೆ ಎಲ್ಲಿಗೆ ಹೋಗಬೇಕು? ಪ್ರತಿ ಅಂಕದ ಕೊನೆಗೂ ‘ಷರಾ’ ಎಂದು ಬರೆದು ಒಂದು ಟಿಪ್ಪಣಿ ಸೇರಿಸುತ್ತಾನೆ. ಹೆಸರು ಅಲ್ಲಿಂದ ಬಂತು.

ನಮ್ಮ ಸಭೆಗೆ ಒಂದೇ ಕಾನೂನು: ಬರೆದವರು ಓದಬಾರದು. ಮೊದಲ ಭಾನುವಾರ ನರ್ಸಮ್ಮ ತನ್ನ ಕಥೆ ತಾನೇ ಓದಲು ಹೋಗಿ ಎರಡನೇ ಪುಟಕ್ಕೇ ಗಂಟಲು ಕಟ್ಟಿಕೊಂಡಳು. ಷರಾ ಓದುವುದಕ್ಕಿಂತ ವಿವರಿಸುವುದೇ ಹೆಚ್ಚಾಯಿತು. ತಿರುಪು ಬಾಯಿಯನ್ನೇ ತೆರೆಯಲಿಲ್ಲ. ಅವತ್ತು ಮೂವರದ್ದನ್ನೂ ಕಿತ್ತುಕೊಂಡು ನಾನೇ ಓದಿದೆ. ಅಲ್ಲಿಂದ ಹತ್ತೊಂಬತ್ತು ವರ್ಷ, ಓದುವುದು ನಾನು, ಬಾಯಿ ಮುಚ್ಚಿಕೊಂಡಿರುವುದು ಅವರು. ಕಿವಿ ಕೇಳದ ತಿರುಪು ನನ್ನ ಗಂಟಲನ್ನೇ ನೋಡುತ್ತಾ ಕೂರುತ್ತಾನೆ. ಎಲ್ಲಿ ತಲೆದೂಗಬೇಕೋ ಅಲ್ಲೇ ತೂಗುತ್ತಾನೆ.

ಹಾಗಾಗಿ ನಾಲ್ಕನೇ ಕಾರ್ಡು ನನ್ನದು. ಹೆಸರು: ಮೈಕ್ ಮಾವ. ಓದು: ನಾಲ್ಕನೇ ಕ್ಲಾಸು, ಅದೂ ಗಟ್ಟಿಯಾಗಿ. ಕಸುಬು: ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತನಾಲ್ಕು ವರ್ಷ ಬಸ್ಸು ಕೂಗಿದ್ದು. ನನ್ನ ದನಿ ಕೇಳಿ ಹೊರಟ ಬಸ್ಸು ರಿವರ್ಸ್ ಬರುತ್ತಿತ್ತು. ಮೇಜಿನ ಕೆಳಗೆ ಕೂತು ಮಗ್ಗಿ ಬರೆಯುತ್ತಿದ್ದ ನೀನೇ ಸಾಕ್ಷಿ. ಪ್ರಕಟವಾದದ್ದು: ದಿನಕ್ಕೆ ನೂರಿಪ್ಪತ್ತು, ಎಲ್ಲವೂ ಗಾಳಿಯಲ್ಲಿ.

ಮೊನ್ನೆ ಭಾನುವಾರವೂ ಸಭೆ ಭರ್ಜರಿಯಾಗಿತ್ತು. ನಾನು ಓದಿದ್ದಕ್ಕೆ ಕೆಳಗಿನ ಇಸ್ತ್ರಿ ಅಂಗಡಿಯವನು ಬಟ್ಟೆ ಸುಟ್ಟುಕೊಂಡ.

ನಿನ್ನ ಮಾವ

೨೦ ಏಪ್ರಿಲ್ ೧೯೯೬

ಮಾವ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಎಲ್ಲರೂ ಕೈಯಿಂದ ಕೈಗೆ ದಾಟಿಸಿಕೊಂಡು ಓದಿದರು. ಮೂರು ಕಾರ್ಡು ಸೇರಿಸಿದೆ. ನಾಲ್ಕನೆಯದನ್ನು ಸಮಿತಿ ಒಪ್ಪಲಿಲ್ಲ. ಒಂದಾದರೂ ಪುಸ್ತಕ ಇರಬೇಕಂತೆ. ಬೇಜಾರು ಮಾಡಿಕೊಳ್ಳಬೇಡ.

ಅದಕ್ಕೆ ಬದಲಿಗೆ ಒಂದು ಸಿಹಿ ಸುದ್ದಿ. ಆಗಸ್ಟ್ ಹದಿನೆಂಟಕ್ಕೆ ಕೋಶದ ಬಿಡುಗಡೆ. ಇನ್ನೂರೈವತ್ತು ಜನರ ಸಭಾಂಗಣ. ಅವತ್ತು ತಿರುಪು ಅವರ ಕವಿತೆಯನ್ನು ವೇದಿಕೆಯ ಮೇಲೆ ನೀನು ಓದಬೇಕು. ನಾನೇ ಅಧ್ಯಕ್ಷರ ಬಳಿ ಹೋಗಿ, ಬೇಡವೆಂದರೂ ಬಿಡದೆ ಹಟ ಹಿಡಿದು ಒಪ್ಪಿಸಿದ್ದೇನೆ. ‘ನಮ್ಮ ಮಾವನ ದನಿ ಒಮ್ಮೆ ಕೇಳಿ ಸಾರ್, ಆಮೇಲೆ ಮಾತಾಡಿ’ ಅಂದೆ. ಆ ದನಿ ಕೇಳಿ ನನಗೂ ವರ್ಷವಾಯಿತು.

ನಿನ್ನೆ ಮತ್ತೆ ಫೋನ್ ಮಾಡಿದ್ದೆ. ಮತ್ತೆ ಅದೇ ಗಾಳಿ.

ಗುಬ್ಬಿ

೨೭ ಏಪ್ರಿಲ್ ೧೯೯೬

ಗುಬ್ಬಿ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸುವುದಿಲ್ಲವಾದ್ದರಿಂದ ಸುಳ್ಳು ಹೇಳುವ ಕಷ್ಟವಿಲ್ಲ.

ನನಗೆ ದನಿ ಇಲ್ಲ. ಹೋದ ಅಕ್ಟೋಬರಿನಲ್ಲಿ ಗಂಟಲಿಗೆ ಗಡ್ಡೆ ಎಂದರು. ನರ್ಸಮ್ಮ ತನ್ನ ಆಸ್ಪತ್ರೆಗೇ ಸೇರಿಸಿದಳು. ದನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಈಗ ಉಸಿರಾಡುವುದು ಕತ್ತಿನಲ್ಲಿರುವ ತೂತಿನಿಂದ. ಮೇಲೆ ಒಂದು ತೆಳು ಬಟ್ಟೆ ಕಟ್ಟಿಕೊಳ್ಳುತ್ತೇನೆ. ನೀನು ಫೋನಿನಲ್ಲಿ ಕೇಳುವ ಗಾಳಿ ಅದೇ. ಎತ್ತಬಾರದು ಎಂದುಕೊಳ್ಳುತ್ತೇನೆ, ಎತ್ತುತ್ತೇನೆ. ನೀನು ‘ಹಲೋ ಮಾವ’ ಎನ್ನುವುದು ಕೇಳಬೇಕಲ್ಲ. ಓಗೊಡುತ್ತೇನೆ. ತುಟಿ ಅಲ್ಲಾಡುತ್ತದೆ. ಅಷ್ಟೇ.

ನಿನಗೆ ಹೇಳಿದರೆ ನಿಮ್ಮ ಕೃತಿಗಳನ್ನೆಲ್ಲ ಒಲೆಗೆ ಹಾಕುತ್ತೇನೆ ಎಂದು ಮೂವರಿಗೂ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಷರಾ ಸ್ಲೇಟು ಕಿತ್ತುಕೊಂಡು ಅದರ ಕೆಳಗೆ ‘ಒಪ್ಪಿದ್ದೇವೆ’ ಎಂದು ರುಜು ಹಾಕಿದ.

ಸಭೆ ನಡೆಯುತ್ತಿಲ್ಲ ಗುಬ್ಬಿ. ನವೆಂಬರಿನಲ್ಲಿ ಬಂದರು, ಡಿಸೆಂಬರಿನಲ್ಲಿ ಬಂದರು. ಬರೆದ ಹಾಳೆಗಳನ್ನು ಜೇಬಿನಿಂದ ತೆಗೆಯಲೇ ಇಲ್ಲ. ನೀವೇ ಓದಿ ಎಂದು ಬರೆದೆ. ‘ಕಾನೂನು ಕಾನೂನೇ’ ಎಂದ ಷರಾ. ಚಹಾ ಕುಡಿದು ಲೋಟ ತೊಳೆದಿಟ್ಟು ಹೋದರು. ಜನವರಿಯಿಂದ ಅದೂ ಇಲ್ಲ. ‘ನೀವು ಪೂರ್ತಿ ಚೇತರಿಸಿಕೊಂಡ ಮೇಲೆ ಶುರು ಮಾಡೋಣ’ ಎಂದಳು ನರ್ಸಮ್ಮ. ಇದರಲ್ಲಿ ಚೇತರಿಕೆ ಎನ್ನುವುದು ಇಲ್ಲ ಎಂದು ನನಗಿಂತ ಚೆನ್ನಾಗಿ ಅವಳಿಗೇ ಗೊತ್ತು. ಆದರೂ ಮೊದಲ ಭಾನುವಾರ ಕುರ್ಚಿ ಒರೆಸಿಡುತ್ತೇನೆ.

ನಿನಗೆ ಹೇಗೆ ಹೇಳಲಿ? ಈ ಲೋಕದಲ್ಲಿ ನನ್ನ ದನಿಯನ್ನು ನನಗಿಂತ ಹೆಚ್ಚು ನಂಬಿದವಳು ನೀನೊಬ್ಬಳು.

೨೮ ಏಪ್ರಿಲ್ ೧೯೯೬

ಚಿರಂಜೀವಿ ಗುಬ್ಬಿಗೆ ಆಶೀರ್ವಾದಗಳು.

ಸಮಿತಿಯವರು ನನ್ನನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ನನ್ನನ್ನು ಸೇರಿಸಿದ್ದರೆ ಕೋಶ ಎರಡು ಸಂಪುಟ ಆಗುತ್ತಿತ್ತು.

ವೇದಿಕೆಯ ವಿಷಯ ನೋಡೋಣ. ಇನ್ನೂರೈವತ್ತು ಜನ ಎಂದರೆ ನನಗೆ ಒಂದು ಬಸ್ ನಿಲ್ದಾಣದ ಮೂಲೆಗೂ ಸಾಲುವುದಿಲ್ಲ, ಉತ್ಸಾಹ ಬರಬೇಕಲ್ಲ! ಅಲ್ಲದೆ ಇಲ್ಲಿ ಸಭೆಯ ಕೆಲಸವೇ ಕೈತುಂಬ. ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮೂವರಿದ್ದವರು ಮೂವತ್ತಾಗುವ ಲಕ್ಷಣ ಕಾಣುತ್ತಿದೆ. ನಾನಿಲ್ಲದೆ ಒಂದು ಭಾನುವಾರವೂ ಸಾಗುವುದಿಲ್ಲ.

ನಿನ್ನ ಮಾವ

೧೫ ಮೇ ೧೯೯೬

ಮಾವ,

‘ನೋಡೋಣ’ ಅಂದರೆ ನಿನ್ನ ಭಾಷೆಯಲ್ಲಿ ‘ಆಯಿತು’ ಅಂತಲೇ ಅರ್ಥ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಿದೆ. ತಿರುಪು ಅವರ ಹೆಸರಿನ ಕೆಳಗೆ ‘ಕವಿತೆಯ ಓದು: ಮೈಕ್ ಮಾವ’ ಎಂದು ಹಾಕಿಸಿದ್ದೇನೆ. ಕರಡಿನಲ್ಲಿ ನೋಡಿ ನನಗೆ ನಗು, ಅಳು ಎರಡೂ ಬಂತು.

ಷರಾ ಅವರ ಕಾಗದವೂ ಬಂದಿದೆ. ತಮ್ಮ ಐದನೇ ನಾಟಕದ ಇಸವಿ ತಿದ್ದಿಸಲು ಬರೆದದ್ದು, ಕೊನೆಗೆ ಯಥಾಪ್ರಕಾರ ಷರಾ. ಸಭೆ ಫೆಬ್ರುವರಿಯಿಂದ ನರ್ಸಮ್ಮನವರ ಮನೆಯ ವರಾಂಡದಲ್ಲಿ ನಡೆಯುತ್ತಿದೆಯಂತೆ. ಒಂದು ತಿಂಗಳೂ ತಪ್ಪಿಲ್ಲವಂತೆ. ಒಬ್ಬೊಬ್ಬರೂ ತಮ್ಮದನ್ನು ತಾವೇ ಓದುವ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರಂತೆ. ನೀನು ನಿನ್ನ ಕೋಣೆಯಲ್ಲೇ ಅಂತ ಬರೆದಿದ್ದೆಯಲ್ಲ? ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟವಾಯಿತು ಅಂತ ಕಾಣುತ್ತದೆ. ಒಳ್ಳೆಯದೇ ಆಯಿತು, ಅಲ್ಲಿ ಗಾಳಿ ಬೆಳಕು ಚೆನ್ನಾಗಿರುತ್ತದೆ. ಕಾನೂನು ಮುರಿದವರಿಗೆ ನೀನು ಏನು ಶಿಕ್ಷೆ ಕೊಟ್ಟೆ?

ಗುಬ್ಬಿ

೧೦ ಜೂನ್ ೧೯೯೬

ಮಾವ,

ಉತ್ತರವೇ ಇಲ್ಲ. ಈಗ ಫೋನನ್ನು ಯಾರೂ ಎತ್ತುವುದೂ ಇಲ್ಲ. ಹುಷಾರಿದ್ದೀಯಾ?

ಗುಬ್ಬಿ

೨೮ ಜೂನ್ ೧೯೯೬

ಮಾವ,

ಒಂದು ಸಾಲು ಬರೆ. ಬೈದಾದರೂ ಬರೆ.

ಗುಬ್ಬಿ

೫ ಜುಲೈ ೧೯೯೬

ಗುಬ್ಬಿಗೆ,

ಹುಷಾರಿದ್ದೇನೆ. ವರಾಂಡದ ವಿಷಯ ನನಗೆ ಗೊತ್ತಿರುವುದೇ. ಅಲ್ಲಿ ಸೇರಿ ಎಂದು ಹೇಳಿದವನೂ ನಾನೇ. ಆಗಸ್ಟ್ ಹದಿನೆಂಟಕ್ಕೆ ಬೇರೆ ಯಾರನ್ನಾದರೂ ನೋಡಿಕೊ. ನನಗೆ ಬರಲಾಗುವುದಿಲ್ಲ.

ಮಾವ

೧೧ ಜುಲೈ ೧೯೯೬

ಮಾವ,

ಎರಡು ತಿಂಗಳು ಕಾಯಿಸಿ ನಾಲ್ಕು ಸಾಲು. ಅದರಲ್ಲಿ ಒಂದು ತಮಾಷೆಯೂ ಇಲ್ಲ, ಒಂದು ಜಂಬವೂ ಇಲ್ಲ. ಇದು ನಿನ್ನ ಕಾಗದವೇ ಅಲ್ಲ.

ಯಾಕೆ ಅಂತ ನನಗೆ ಗೊತ್ತು. ಕೋಶದಲ್ಲಿ ನಿನ್ನ ಹೆಸರು ಬರಲಿಲ್ಲ ಅಂತ ಮುನಿಸು. ನಾನು ಸುಮ್ಮನೆ ಬಿಟ್ಟೆ ಅಂದುಕೊಂಡೆಯಾ? ನಿನ್ನ ಕಾರ್ಡು ಹಿಡಿದು ಮೂರು ಸಲ ಸಮಿತಿಯ ಮುಂದೆ ನಿಂತೆ. ಮೂರನೇ ಸಲ ಒಬ್ಬರು, ‘ಏನಮ್ಮಾ, ಹಾಗಾದರೆ ನಾಳೆ ಕಂಡಕ್ಟರನ್ನೂ ಸೇರಿಸೋಣ್ವಾ?’ ಅಂದರು. ಎಲ್ಲರೂ ನಕ್ಕರು. ನಿನ್ನ ಕಾಗದ ಓದಿ ನಕ್ಕ ನಗು ಬೇರೆ, ಈ ನಗು ಬೇರೆ. ಇದನ್ನು ನಿನಗೆ ಬರೆದಿರಲಿಲ್ಲ.

ಆಹ್ವಾನ ಪತ್ರಿಕೆ ಅಚ್ಚಾಗಿ ಬಂದು ಮೇಜಿನ ಮೇಲಿದೆ, ಮುನ್ನೂರು. ನಿನ್ನ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸುತ್ತಾ ಕೂತಿದ್ದೇನೆ. ಅಂಟು ಒಣಗಿದ ಮೇಲೂ ಬೆಳಕಿಗೆ ಹಿಡಿದರೆ ಕೆಳಗಿನ ಅಕ್ಷರ ಕಾಣುತ್ತದೆ.

ನನ್ನ ಬಗ್ಗೆಯೂ ನಾನು ಸುಳ್ಳೇ ಬರೆಯುತ್ತಿದ್ದೆ, ಗೆಳತಿಯರಿದ್ದಾರೆ, ಚೆನ್ನಾಗಿದ್ದೇನೆ ಅಂತ. ಆಫೀಸು ಬಿಟ್ಟರೆ ಕೋಣೆ. ಶನಿವಾರ ಮಧ್ಯಾಹ್ನ ಬಾಯಿ ಮುಚ್ಚಿದರೆ ಸೋಮವಾರ ಬೆಳಿಗ್ಗೆ ‘ನಮಸ್ಕಾರ ಸಾರ್’ ಅನ್ನಲು ತೆರೆಯುತ್ತೇನೆ. ಅಮ್ಮ ಹೋದ ಮೇಲೆ ನನ್ನನ್ನು ಗುಬ್ಬಿ ಅನ್ನುವವನು ನೀನೊಬ್ಬನೇ. ಅದಕ್ಕೇ ಅಷ್ಟು ಸಲ ಫೋನ್ ಮಾಡಿದ್ದು. ಇನ್ನು ಮಾಡುವುದಿಲ್ಲ.

ಗುಬ್ಬಿ

೫ ಆಗಸ್ಟ್ ೧೯೯೬

ನನ್ನ ಗುಬ್ಬಿಗೆ,

ಇದರ ಜೊತೆ ಏಪ್ರಿಲ್ ಇಪ್ಪತ್ತೇಳರಂದು ಬರೆದು ಕಳಿಸದೆ ಉಳಿಸಿಕೊಂಡ ಕಾಗದವಿದೆ. ಮೊದಲು ಅದನ್ನು ಓದು. ಓದಿ ಒಂದು ಲೋಟ ನೀರು ಕುಡಿ. ಆಮೇಲೆ ಇದಕ್ಕೆ ಬಾ.

ಓದಿದೆಯಾ? ಈಗ ಹೇಳುತ್ತೇನೆ. ಮುನಿಸಿನಿಂದ ಸುಮ್ಮನಿದ್ದವನಲ್ಲ ನಾನು. ಸುಮ್ಮನಿರುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ವರಾಂಡದ ವಿಷಯ ನಿನ್ನ ಕಾಗದದಿಂದಲೇ ತಿಳಿದದ್ದು. ಅಲ್ಲಿಯವರೆಗೆ ಸಭೆ ನಿಂತಿದೆ ಎಂದುಕೊಂಡಿದ್ದೆ. ನಿಂತಿದ್ದರೆ ಒಂದು ಬಗೆಯ ಸಮಾಧಾನ. ನಾನಿಲ್ಲದೆ ನಡೆಯುವುದಿಲ್ಲವಲ್ಲ ಎನ್ನುವ ಜಂಬ. ಫೆಬ್ರುವರಿಯಿಂದ ಒಂದು ತಿಂಗಳೂ ತಪ್ಪಿಲ್ಲ ಎಂದು ಓದಿದಾಗ, ಗುಬ್ಬಿ, ಆಸ್ಪತ್ರೆಯಲ್ಲಿ ಕತ್ತು ಕೊಯ್ದ ದಿನವೂ ಅಷ್ಟು ಉರಿದಿರಲಿಲ್ಲ. ಎರಡು ತಿಂಗಳು ಆ ಬೀದಿಯಲ್ಲೇ ನಡೆಯಲಿಲ್ಲ. ಫೋನನ್ನೂ ಬಟ್ಟೆಯಲ್ಲಿ ಸುತ್ತಿಟ್ಟೆ.

ನಿನ್ನ ಜುಲೈ ಕಾಗದ ಬಂದ ಮೇಲೆ ತಲೆ ಸ್ವಲ್ಪ ನೆಟ್ಟಗಾಯಿತು. ಅಕ್ಕನ ಮಗಳು ಎರಡು ದಿನ ಬಾಯಿ ಮುಚ್ಚಿಕೊಂಡು ಒಬ್ಬಳೇ ಕೂರುತ್ತಾಳೆ, ಬಾಯಿ ಇದ್ದೂ. ಇಲ್ಲದ ನಾನು ಇನ್ನು ಏನು ಬಚ್ಚಿಟ್ಟು ಏನು ಉಳಿಸಿಕೊಳ್ಳಬೇಕು?

ನಿನ್ನೆ ಮೊದಲ ಭಾನುವಾರ. ಹೋದೆ. ಗೇಟಿನ ಚಿಲಕದ ಮೇಲೆ ಕೈಯಿಟ್ಟು ಹೊರಗೇ ನಿಂತೆ. ಒಳಗೆ ತಿರುಪು ಓದುತ್ತಿದ್ದ. ಅಬ್ಬಾ, ಆ ಓದು! ತನಗೇ ಕೇಳುವುದಿಲ್ಲವಲ್ಲ, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ, ಬಸ್ಸು ತಪ್ಪಿಹೋಗುತ್ತದೆ ಎನ್ನುವವನ ಹಾಗೆ ಒಂದೇ ಉಸಿರಿನಲ್ಲಿ. ಎಲ್ಲಿ ನಿಲ್ಲಬೇಕೋ ಅಲ್ಲಿ ಓಟ, ಎಲ್ಲಿ ಸಾಗಬೇಕೋ ಅಲ್ಲಿ ಕೆಮ್ಮು. ನನ್ನ ಕೈ ಚಿಲಕವನ್ನು ತೆಗೆದೇಬಿಟ್ಟಿತು.

ನನ್ನನ್ನು ಕಂಡು ನರ್ಸಮ್ಮ ಎದ್ದು ನಿಂತಳು. ಷರಾ ಕನ್ನಡಕ ತೆಗೆದು ಒರೆಸತೊಡಗಿದ. ತಿರುಪು ಮಾತ್ರ ನೋಡದೆ ಇನ್ನೂ ನಾಲ್ಕು ಸಾಲು ಕಿರುಚಿದ.

‘ನಿಮ್ಮನ್ನ ಬಿಟ್ಟು ಹಾಕಿದ್ದಲ್ಲ,’ ಎಂದಳು ನರ್ಸಮ್ಮ. ‘ನಿಮ್ಮೆದುರಿಗೆ ಓದೋಕೆ ಆಗಲಿಲ್ಲ. ಹಸಿದವರ ಮುಂದೆ ಕೂತು ಉಂಡ ಹಾಗೆ ಅನ್ನಿಸ್ತಿತ್ತು.’

ನಾನು ಸ್ಲೇಟು ತೆಗೆದು ಬರೆದೆ: ‘ಹಸಿದವನಿಗೆ ವಾಸನೆಯನ್ನಾದರೂ ಬಿಡಬೇಕಿತ್ತು.’

ಷರಾ ಓದಿದ. ‘ತಪ್ಪಾಯ್ತು ಕಣಯ್ಯ,’ ಎಂದ. ಹತ್ತೊಂಬತ್ತು ವರ್ಷದಲ್ಲಿ ಷರಾ ಸೇರಿಸದೆ ಅವನು ಆಡಿದ ಮೊದಲ ಮಾತು ಅದು.

‘ಏನಂತೆ? ಏನು ಬರೆದ?’ ಎಂದು ತಿರುಪು ಕೂಗಿದ.

‘ನೀನು ಓದೋದು ಕೇಳಿ ಗಡ್ಡೆ ವಾಪಸ್ ಬಂತಂತೆ,’ ಎಂದು ಷರಾ ಅವನ ಮುಖದೆದುರು ಬಂದು, ತುಟಿ ನೋಡಿ ತಿಳಿಯಲಿ ಎಂದು ಬಿಡಿಸಿ ಬಿಡಿಸಿ ಹೇಳಿದ.

‘ಹಾಗಾದ್ರೆ ಅವನೇ ಓದಲಿ!’ ಎಂದ ತಿರುಪು. ಎಂದವನು ನಾಲಿಗೆ ಕಚ್ಚಿಕೊಂಡ.

ಅವನ ಬೆನ್ನ ಹಿಂದೆ ಹೋಗಿ ಕೂತೆ. ಹಾಳೆಯ ಮೇಲಿನ ಸಾಲಿಗೆ ಬೆರಳಿಟ್ಟು, ಮೊದಲಿಂದ ಶುರು ಮಾಡು ಎಂದು ಸನ್ನೆ ಮಾಡಿದೆ. ಕೈಯನ್ನು ಅವನ ಹೆಗಲ ಮೇಲಿಟ್ಟೆ. ನಿಲ್ಲಬೇಕಾದಲ್ಲಿ ಒತ್ತಿದೆ. ಸಾಗಬೇಕಾದಲ್ಲಿ ಬಿಟ್ಟೆ. ದನಿ ಏರಿದಾಗ ಅಂಗೈಯನ್ನು ಮೆಲ್ಲಗೆ ಕೆಳಗೆಳೆದೆ. ಎರಡು ಸಲ ಎಡವಿದ. ಮೂರನೇ ಸಲ ಸಿಕ್ಕಿತು:

ತಿರುಗುವ ಕಬ್ಬಿಣದ ಮೈಯಿಂದ
ಸುರುಳಿ ಸುರುಳಿಯಾಗಿ ಬಿದ್ದದ್ದು
ನನ್ನ ಮಧ್ಯಾಹ್ನಗಳು.
ಗುಡಿಸುವಾಗ ಬೆರಳಿಗೆ ಚುಚ್ಚಿದ್ದು
ಯಾವ ವರ್ಷದ್ದೋ ತಿಳಿಯಲಿಲ್ಲ.

ಈ ಕವಿತೆಯನ್ನು ಇಪ್ಪತ್ತು ಸಲ ಓದಿದ್ದೇನೆ, ಒಂದು ಸಲವೂ ಕೇಳಿರಲಿಲ್ಲ. ‘ವರ್ಷದ್ದೋ’ ಎನ್ನುವಾಗ ಅವನ ಹೆಗಲು ನಡುಗುವುದು ಅಂಗೈಗೆ ಗೊತ್ತಾಯಿತು. ಅದು ನನ್ನ ಓದಿನಲ್ಲಿ ಯಾವತ್ತೂ ಇರಲಿಲ್ಲ. ನಾನು ಚೆನ್ನಾಗಿ ಓದುತ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಧ್ಯಾಹ್ನಗಳು ಅವನವು.

ಆಮೇಲೆ ಒಬ್ಬನೇ ಮನೆಗೆ ನಡೆದುಬಂದೆ. ಅವರು ಇನ್ನು ನನ್ನ ಕೋಣೆಗೆ ಬರುವುದಿಲ್ಲ. ವರಾಂಡಕ್ಕೆ ಮೆಟ್ಟಿಲಿಲ್ಲ, ಮೂವರಿಗೂ ಮೊಣಕಾಲು ನೋವು, ಅದು ನ್ಯಾಯವೇ. ನನ್ನ ಮೂರು ಕುರ್ಚಿಯನ್ನು ಇಸ್ತ್ರಿ ಅಂಗಡಿಯವನಿಗೆ ಕೊಟ್ಟೆ, ಗಿರಾಕಿಗಳು ಕೂರಲಿ. ಕೋಣೆ ಈಗ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು.

ಫೋನನ್ನು ಬಟ್ಟೆಯಿಂದ ಬಿಡಿಸಿದ್ದೇನೆ. ಶನಿವಾರ ಮಧ್ಯಾಹ್ನ ನೀನು ಮಾಡಿದರೆ ಎತ್ತುತ್ತೇನೆ. ಮಾತೆಲ್ಲ ನೀನೇ ಆಡಬೇಕಾಗುತ್ತದೆ. ನಿನ್ನ ಸಮಿತಿಯವರನ್ನು ಬಾಯ್ತುಂಬ ಬೈ, ಎದುರು ಹೇಳುವವರಿಲ್ಲ.

ಇನ್ನು ಹದಿನೆಂಟನೆಯ ತಾರೀಕು. ಕವಿತೆಯನ್ನು ತಿರುಪು ಓದುತ್ತಾನೆ. ನನ್ನ ಹೆಸರಿನ ಮೇಲೆ ಅಂಟಿಸಿದ ಚೀಟಿ ಹಾಗೇ ಇರಲಿ, ಕೀಳಬೇಡ. ಅವನನ್ನು ನಿಲ್ಲಿಸಬೇಡಿ, ಕೂರಿಸಿಯೇ ಓದಿಸಿ. ಅವನ ಎಡಕ್ಕೆ, ಅರ್ಧ ಅಡಿ ಹಿಂದೆ, ನನಗೊಂದು ಕುರ್ಚಿ ಹಾಕಿಸು. ಪರಿಚಯ ಮಾಡಿಕೊಡುವುದು ಬೇಡ, ಹಾರ ಬೇಡ. ಕುರ್ಚಿಗೆ ಕೈ ಇರಬಾರದು, ಮೊಣಕೈ ತಗಲುತ್ತದೆ.

ನಿನ್ನ ಮಾವ